ಸಿಂಗಳೀಕದ ಊರಿನಲ್ಲಿ ನಾಲ್ಕು ದಿನ

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಪೂಜಾ ರಜೆಯಲ್ಲಿ ಎಲ್ಲಿಗೆ ಹೋಗಿದ್ದಿರಿ ಎಂದು ಕೋಲ್ಕತ್ತದಲ್ಲಿ ಯಾರನ್ನು ಕೇಳಿದರೂ ಉತ್ತರ ಮೂರೇ ಮೂರು: ಪುರಿ, ದಾರ್ಜಿಲಿಂಗ್, ದೀಘಾ. ನಾನು ಕುದುರೆಮುಖಕ್ಕೆ ಹೋಗಿದ್ದೆ ಎಂದಾಗ ಸೆಕ್ಟರ್ ಫೈವ್‌ನ ನಮ್ಮ ಆಫೀಸಿನವರು, ಅಲ್ಲಿ ಏನು ಸಿಗುತ್ತದೆ ಎಂದು ಕೇಳಿದರು. ಬಂಗಾಳಿಗಳ ಈ ಪ್ರಶ್ನೆಯಲ್ಲಿ ಅರ್ಧ ಊಟದ ವಿಚಾರವಿರುತ್ತದೆ ಎಂದು ನಿಮಗೆಲ್ಲ ಗೊತ್ತು. ಮಳೆ, ಇಂಬಳ, ಹುಲ್ಲು, ಕರಿಯ ಮಂಗ ಎಂದೆ. ಅವರಿಗೆ ಪಾಪ ಎನಿಸಿತು. ಈ ವಿಷಯವನ್ನೇ ವೇದಿಕೆಯಲ್ಲಿ ಮಾತಾಡು ಎಂದು ನಮ್ಮ ಕಾರ್ಯದರ್ಶಿಗಳು ಹೇಳಿದ್ದರಿಂದ ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ. ಸ್ಲೈಡ್ ಮಾಡಿಲ್ಲ. ವಾರವಿಡೀ ಸ್ಲೈಡ್ ಮಾಡುವುದೇ ನನ್ನ ಕೆಲಸ, ಭಾನುವಾರವಾದರೂ ಬಿಡುವು ಕೊಡಿ.

ಮೊದಲು ಜಾಗ ಹೇಳಿಬಿಡುತ್ತೇನೆ. ಕುದುರೆಮುಖ ರಾಷ್ಟ್ರೀಯ ಉದ್ಯಾನವು ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಮೂರೂ ಜಿಲ್ಲೆಗಳಿಗೆ ಸೇರಿದ್ದು, ಸುಮಾರು 600 ಚದರ ಕಿಲೋಮೀಟರ್. 1987ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದರು. ಅದೇ 1987ರಲ್ಲಿ ನಮ್ಮ ಈ ಊರಿನ ಹಿತ್ತಲಿನ ಸುಂದರಬನ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕುದುರೆಮುಖ ಆ ಪಟ್ಟಿ ಸೇರಲು 2012ರವರೆಗೆ ಕಾಯಬೇಕಾಯಿತು, ಪಶ್ಚಿಮ ಘಟ್ಟದ 39 ತಾಣಗಳ ಜೊತೆಗೆ. ಶಿಖರದ ಒಂದು ಬದಿ ದೂರದಿಂದ ಕುದುರೆಯ ಮುಖದ ಹಾಗೆ ಕಾಣುತ್ತದೆ, ಅದಕ್ಕೇ ಆ ಹೆಸರು. ಎತ್ತರ ಸುಮಾರು 1,890 ಮೀಟರ್. ನನಗೆ ಮೊದಲ ದಿನ ಕುದುರೆಯೂ ಕಾಣಲಿಲ್ಲ, ಮುಖವೂ ಕಾಣಲಿಲ್ಲ, ಬರೀ ಮಂಜು.

ಮಳೆಕಾಡು ಅಂದರೆ ಏನು? ಹೆಚ್ಚು ಮಳೆ ಬೀಳುವ ಕಾಡು ಎಂದರೆ ಸಾಲದು. ಕೋಲ್ಕತ್ತದಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 1,700 ಮಿಲಿಮೀಟರ್ ಮಳೆ. ಅಷ್ಟಕ್ಕೇ ನಮ್ಮ ಬೀದಿಗಳಲ್ಲಿ ಮೊಣಕಾಲುದ್ದ ನೀರು ನಿಲ್ಲುವುದನ್ನು ಪ್ರತಿ ಆಗಸ್ಟ್‌ನಲ್ಲಿ ನೋಡುತ್ತೇವೆ. ಕುದುರೆಮುಖದ ಸುತ್ತ ಅದರ ನಾಲ್ಕು ಪಟ್ಟು, ಸುಮಾರು 7,000 ಮಿಲಿಮೀಟರ್. ಆದರೂ ಅಲ್ಲಿ ನೀರು ನಿಲ್ಲುವುದಿಲ್ಲ, ಕೆಂಪಾಗಿ ಹರಿಯುವುದೂ ಇಲ್ಲ, ಅಂದರೆ ಕಾಡು ಇರುವ ಕಡೆ ಹರಿಯುವುದಿಲ್ಲ. ಎತ್ತರದ ಮರಗಳ ತಲೆ ಒಂದಕ್ಕೊಂದು ತಾಗಿ ಮೇಲೆ ಒಂದು ಚಪ್ಪರ. ಅದರ ಕೆಳಗೆ ಇನ್ನೊಂದು ಅಂತಸ್ತು, ಅದರ ಕೆಳಗೆ ಬೆತ್ತ, ಕುರುಚಲು, ಜರಿಗಿಡ, ಅದರ ಕೆಳಗೆ ಮೊಣಕಾಲವರೆಗೆ ಕೊಳೆಯುತ್ತಿರುವ ತರಗೆಲೆ. ಒಂದು ಹನಿ ಆಕಾಶದಿಂದ ಹೊರಟು ಮಣ್ಣು ಮುಟ್ಟುವಷ್ಟರಲ್ಲಿ ನಾಲ್ಕಾರು ಕಡೆ ತಂಗಿ, ಎಲೆಯ ಚೂಪಾದ ತುದಿಯಿಂದ ಜಾರಿ, ಕಾಂಡದ ಪಾಚಿಯಲ್ಲಿ ಇಂಗಿ ಬರುತ್ತದೆ. ಮಳೆ ನಿಂತ ಮೇಲೂ ಕಾಡಿನೊಳಗೆ ಅರ್ಧ ಗಂಟೆ ಹನಿಯುತ್ತಲೇ ಇತ್ತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಇಷ್ಟು ಒಳ್ಳೆಯ ಲೋಡ್ ಬ್ಯಾಲೆನ್ಸರ್ ಅನ್ನು ನಾವು ಯಾರೂ ಬರೆದಿಲ್ಲ. ಶಿಬಪುರದ ಬೊಟಾನಿಕಲ್ ಗಾರ್ಡನ್‌ನ ಮಹಾ ಆಲದ ಮರವನ್ನು ನೀವೆಲ್ಲ ನೋಡಿದ್ದೀರಿ. ಒಂದೇ ಮರ ಕಾಡಿನ ಹಾಗೆ ಕಾಣುತ್ತದೆ. ಇಲ್ಲಿ ಅದಕ್ಕೆ ತಿರುಗಾಮುರುಗಾ, ಸಾವಿರಾರು ಬಗೆಯವು ಸೇರಿ ಒಂದೇ ಜೀವದ ಹಾಗೆ ಉಸಿರಾಡುತ್ತವೆ.

ಇನ್ನೊಂದು ವಿಶೇಷ. ಗುಡ್ಡಗಳ ಮೇಲೆಲ್ಲ ಹುಲ್ಲುಗಾವಲು, ಎರಡು ಗುಡ್ಡಗಳ ಮಡಿಲಿನಲ್ಲಿ ಮಾತ್ರ ಕಪ್ಪು ಹಸಿರು ಕಾಡು. ಇದನ್ನು ಶೋಲಾ ಎನ್ನುತ್ತಾರೆ. ದೂರದಿಂದ ನೋಡಿದರೆ ಯಾರೋ ಗುಡ್ಡದ ತಲೆಯನ್ನು ನುಣ್ಣಗೆ ಕತ್ತರಿಸಿ ಕಿವಿಯ ಹಿಂದೆ ಮಾತ್ರ ಕೂದಲು ಬಿಟ್ಟ ಹಾಗೆ. ಕಾಡು ಕಡಿದದ್ದರಿಂದ ಹೀಗಾಗಿದೆ ಎಂದು ಹಲವರು ತಿಳಿಯುತ್ತಾರೆ. ಹಾಗಲ್ಲ, ಆ ಹುಲ್ಲೂ ಪ್ರಾಚೀನವೇ, ಅದೂ ನೀರು ಹಿಡಿಯುತ್ತದೆ. ಬರಡು ಗುಡ್ಡ ಎಂದುಕೊಂಡು ಅಲ್ಲಿ ಅಕೇಶಿಯಾ ನೆಟ್ಟವರೂ ಇದ್ದಾರೆ. ಸರ್ಕಾರಿ ಕಡತದಲ್ಲಿ ಅದಕ್ಕೆ ಹಸಿರೀಕರಣ ಎಂದು ಹೆಸರು.

ನಾನು ಹೋದದ್ದು ಒಬ್ಬಳೇ ಅಲ್ಲ. ನನ್ನ ಎಂಟೆಕ್ ಸಹಪಾಠಿಯೊಬ್ಬಳು ಬೆಂಗಳೂರಿನಲ್ಲಿ ಜೊತೆಯಾದಳು. ಆಕೆ ಹುಟ್ಟಿ ಬೆಳೆದದ್ದೇ ಕುದುರೆಮುಖದ ಗಣಿ ಟೌನ್‌ಶಿಪ್‌ನಲ್ಲಿ. ಅವಳ ಅಪ್ಪ ಗಣಿಯಲ್ಲಿ ದೊಡ್ಡ ಡಂಪರ್ ಓಡಿಸುತ್ತಿದ್ದವರು. ಅವಳಿಲ್ಲದೆ ಹೋಗಿದ್ದರೆ ನಾನು ಮಂಗ, ಹಕ್ಕಿ, ಜಲಪಾತ ಎಂದು ಫೋಟೋ ತೆಗೆದುಕೊಂಡು ಬರುತ್ತಿದ್ದೆ. ಅವಳ ಕಣ್ಣಲ್ಲಿ ನೋಡಿದ್ದರಿಂದ ನನ್ನ ಪ್ರವಾಸ ಸ್ವಲ್ಪ ಕಷ್ಟದ್ದಾಯಿತು.

ರಾತ್ರಿ ಬಸ್ಸಿನಲ್ಲಿ ಬೆಳಿಗ್ಗೆ ಕಳಸಕ್ಕೆ ಬಂದಿಳಿದೆವು. ಕಳಸೇಶ್ವರನಿಗೆ ಕೈಮುಗಿದು, ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ಊಟ ಮುಗಿಸಿ ಹೋಂಸ್ಟೇ ಸೇರಿದೆವು. ಇಲ್ಲಿ ಅನೇಕರು ಹೊರನಾಡಿಗೆ ಹೋದವರೇ ಇದ್ದೀರಿ, ಅದನ್ನು ವಿವರಿಸುವುದಿಲ್ಲ. ಆದರೆ ಅಲ್ಲಿಂದ ಒಂದಿಷ್ಟು ದೂರ ಮುಂದೆ ಹೋದರೆ ಏನಿದೆ ಎಂದು ನೋಡಿದವರು ಕಡಿಮೆ. ನಾನೂ ಚಿಕ್ಕವಳಿದ್ದಾಗ ಎರಡು ಸಲ ಹೊರನಾಡಿಗೆ ಹೋಗಿ, ಊಟ ಮಾಡಿ, ವಾಪಸು ಬಸ್ಸು ಹತ್ತಿದವಳೇ.

ಮರುದಿನ ಬೆಳಿಗ್ಗೆ ಆರಕ್ಕೆ ಇಲಾಖೆಯ ಅನುಮತಿಯೊಂದಿಗೆ ಹೊರಟೆವು. ಜೊತೆಗೆ ಆ ಊರಿನವರೇ ಒಬ್ಬ ಮಾರ್ಗದರ್ಶಿ. ಐವತ್ತರ ಆಸುಪಾಸು, ಮಾತು ಕಡಿಮೆ, ಕಾಲಿಗೆ ಹವಾಯಿ ಚಪ್ಪಲಿ. ನಮ್ಮ ಕಾಲಿಗೋ ಎಂಟು ಸಾವಿರ ರೂಪಾಯಿಯ ಬೂಟು. ಇಂಬಳಗಳಿಗೆ ಈ ವ್ಯತ್ಯಾಸ ಗೊತ್ತಾಗಲಿಲ್ಲ. ಕೆರೆಯ ಜಿಗಣೆ ಬೇರೆ, ಇದು ನೆಲದ ಮೇಲಿನದು, ದಾರದಷ್ಟು ಸಪೂರ. ನಮ್ಮ ಉಸಿರು, ಮೈಬಿಸಿ, ನೆಲದ ಅದುರುವಿಕೆ ತಿಳಿದು ಎಲೆಯ ತುದಿಯಲ್ಲಿ ಎದ್ದು ನಿಂತು ತೂಗಾಡುತ್ತದೆ. ಹತ್ತಿದ್ದು ತಿಳಿಯುವುದೇ ಇಲ್ಲ, ಬಿಟ್ಟ ಮೇಲೆ ರಕ್ತ ನಿಲ್ಲದಿದ್ದಾಗ ಗೊತ್ತಾಗುತ್ತದೆ. ಅಣ್ಣ ತಂದಿದ್ದ ಸುಣ್ಣ ಮತ್ತು ಹೊಗೆಸೊಪ್ಪಿನ ಗಂಟು ಬೂಟಿಗೆ ಒರೆಸಿಕೊಂಡೆವು. ಅಮೆಜಾನ್‌ನಲ್ಲಿ ತರಿಸಿದ ಸ್ಪ್ರೇ ಬ್ಯಾಗಿನಲ್ಲೇ ಉಳಿಯಿತು.

ಸಿಂಗಳೀಕ ಸಿಕ್ಕಿದ್ದು ಹತ್ತು ಗಂಟೆಯ ಹೊತ್ತಿಗೆ. ಸಿಕ್ಕಿತು ಎನ್ನುವುದಕ್ಕಿಂತ ನಮ್ಮ ತಲೆಯ ಮೇಲೆ ಬಿತ್ತು ಎನ್ನಬೇಕು. ಮೇಲಿನಿಂದ ಅರ್ಧ ತಿಂದ ಹಣ್ಣೊಂದು ಬಂದು ಗೆಳತಿಯ ಹೆಗಲಿಗೆ ತಾಗಿತು. ಅಣ್ಣ ಕೈಯೆತ್ತಿ ನಿಲ್ಲಿಸಿದರು. ಮೂವತ್ತು ಅಡಿ ಮೇಲೆ, ಕಪ್ಪು ಮೈ, ಮುಖದ ಸುತ್ತ ಬೂದು ಬಿಳಿಯ ಕೇಸರ, ಬಾಲದ ತುದಿಯಲ್ಲಿ ಸಿಂಹಕ್ಕಿರುವಂಥ ಗೊಂಡೆ. ಒಂದು, ಎರಡು, ಆಮೇಲೆ ಹೊಟ್ಟೆಗೆ ಮರಿ ಅಂಟಿಸಿಕೊಂಡ ಒಂದು ತಾಯಿ. ಒಟ್ಟು ಹನ್ನೊಂದು ಎಣಿಸಿದೆ. ನಮ್ಮ ದೇವಸ್ಥಾನಗಳ ಕೋತಿಗಳ ಹಾಗೆ ಕಿತ್ತುಕೊಳ್ಳುವುದು, ಹಲ್ಲು ಕಿರಿಯುವುದು ಏನಿಲ್ಲ. ನಮ್ಮನ್ನು ಒಮ್ಮೆ ನೋಡಿ, ಆಸಕ್ತಿ ಹುಟ್ಟದೆ, ಕೆನ್ನೆಯ ಚೀಲದಲ್ಲಿ ಹಣ್ಣು ತುಂಬಿಕೊಳ್ಳುವ ಕೆಲಸ ಮುಂದುವರಿಸಿದವು. ಇಪ್ಪತ್ತು ನಿಮಿಷ ಇದ್ದಿರಬಹುದು. ಆ ತಾಯಿ ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ಕೊಂಬೆಯನ್ನು ಎರಡು ಸಲ ಜಗ್ಗಿ ಭಾರ ಪರೀಕ್ಷಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಸಿಂಗಳೀಕ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಕರ್ನಾಟಕ, ಕೇರಳ, ತಮಿಳುನಾಡಿನ ಪಶ್ಚಿಮ ಘಟ್ಟದ ಮಳೆಕಾಡಿನಲ್ಲಿ ಮಾತ್ರ. ಕಾಡಿನಲ್ಲಿ ಉಳಿದಿರುವುದು ಕೆಲವೇ ಸಾವಿರ. ಹೆಣ್ಣಿಗೆ ಮೊದಲ ಮರಿಯಾಗುವುದೇ ಐದಾರು ವರ್ಷಕ್ಕೆ, ಆಮೇಲೆ ಎರಡು ಮೂರು ವರ್ಷಕ್ಕೊಂದು. ಅಷ್ಟು ನಿಧಾನದ ಸಂಸಾರ. ಬದುಕೆಲ್ಲ ಮರದ ಮೇಲೆ. ವರ್ಷದ ಹನ್ನೆರಡು ತಿಂಗಳೂ ಯಾವುದಾದರೊಂದು ಮರ ಹಣ್ಣು ಬಿಟ್ಟಿರಬೇಕು: ಈ ತಿಂಗಳು ಅತ್ತಿ, ಮುಂದಿನ ತಿಂಗಳು ಹೆಬ್ಬಲಸು, ಹೀಗೆ. ಹಾಗಾಗಿ ಅದಕ್ಕೆ ಹತ್ತು ಮರದ ತೋಪು ಸಾಲದು, ಮುರಿಯದ ಕಾಡು ಬೇಕು. ನಡುವೆ ಅಗಲದ ರಸ್ತೆ ಬಂದರೆ, ಮೇಲಿನ ಚಪ್ಪರ ಹರಿದರೆ, ಅದು ನೆಲಕ್ಕಿಳಿಯಬೇಕು. ಇಳಿದರೆ ನಾಯಿ ಇದೆ, ಟಯರ್ ಇದೆ.

ಈ ಉದ್ಯಾನ ಹುಟ್ಟಿದ್ದೂ ಸಿಂಗಳೀಕದಿಂದಲೇ ಎನ್ನಬಹುದು. 1980ರ ದಶಕದ ಆರಂಭದಲ್ಲಿ ಉಲ್ಲಾಸ ಕಾರಂತರು, ನಮ್ಮ ಶಿವರಾಮ ಕಾರಂತರ ಮಗ, ಕರ್ನಾಟಕದಲ್ಲಿ ಸಿಂಗಳೀಕ ಎಲ್ಲೆಲ್ಲಿ ಉಳಿದಿದೆ ಎಂದು ಸಮೀಕ್ಷೆ ಮಾಡಿದರು. ಅವರು ಮೂಲತಃ ಇಂಜಿನಿಯರ್, ಇದನ್ನು ಹೇಳದೆ ಬಿಟ್ಟರೆ ನನ್ನ ಕುಲಕ್ಕೆ ಅನ್ಯಾಯವಾಗುತ್ತದೆ. ಕುದುರೆಮುಖದ ಸುತ್ತ ಇನ್ನೂ ತುಂಡಾಗದ ದೊಡ್ಡ ಕಾಡು ಇದೆ, ಈ ಪ್ರಾಣಿಗೆ ಅದು ಬಹಳ ಮುಖ್ಯವಾದ ನೆಲೆ ಎಂದು ಆ ಸಮೀಕ್ಷೆ ತೋರಿಸಿತು. ಮುಂದೆ ಉದ್ಯಾನವಾಯಿತು. ಕಾಡಿನ ನಡುವೆ ಆಗಲೇ ದೊಡ್ಡ ಗಣಿ ನಡೆಯುತ್ತಿತ್ತು, ಅದೂ ನಡೆಯುತ್ತಲೇ ಇತ್ತು.

ಎರಡನೆಯ ಮಧ್ಯಾಹ್ನ ಗೆಳತಿ ನನ್ನನ್ನು ಟೌನ್‌ಶಿಪ್‌ಗೆ ಕರೆದೊಯ್ದಳು. ಸಾಲು ಸಾಲು ಕ್ವಾರ್ಟರ್ಸ್, ಹೆಚ್ಚಿನವು ಬೀಗ ಹಾಕಿದವು. ಗೋಡೆ ಬಿರುಕಿನಲ್ಲಿ ಆಲದ ಸಸಿ. ಇಲ್ಲಿ ನಮ್ಮ ಮನೆ, ಇಲ್ಲಿ ಪಂಜಾಬಿ ಆಂಟಿ ಮನೆ, ಇಲ್ಲಿ ಗಣಪತಿ ಕೂರಿಸುತ್ತಿದ್ದದ್ದು ಎಂದು ಅವಳು ತೋರಿಸುತ್ತಾ ಹೋದಳು. ಎಲ್ಲ ರಾಜ್ಯದವರೂ ಇದ್ದರಂತೆ, ಬಂಗಾಳಿಗಳೂ ಇದ್ದರಂತೆ, ಅವರಿಂದಲೇ ಅವಳು ಮೊದಲ ಸಲ ಸಂದೇಶ್ ತಿಂದದ್ದಂತೆ. ಆಸ್ಪತ್ರೆ, ಶಾಲೆ, ಸಿನಿಮಾ ಎಲ್ಲ ಇದ್ದ ಊರು.

ಆ ಗಣಿಯ ಕತೆಯೂ ಸಣ್ಣದಲ್ಲ. ಇಲ್ಲಿಯದು ಮ್ಯಾಗ್ನೆಟೈಟ್ ಅದಿರು, ಕಬ್ಬಿಣದ ಅಂಶ ಕಡಿಮೆ, ಅರೆದು ಸೋಸಿ ಸಾಂದ್ರಗೊಳಿಸದೆ ಮಾರಲು ಬರುವುದಿಲ್ಲ. 1970ರ ದಶಕದ ಮಧ್ಯದಲ್ಲಿ ಇರಾನ್ ಹಣ ಕೊಡುತ್ತೇನೆ, ಅದಿರೂ ಕೊಳ್ಳುತ್ತೇನೆ ಎಂದು ಒಪ್ಪಿದ ಮೇಲೆ 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. ಕಾರ್ಖಾನೆ ಏಳುವಷ್ಟರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು, ಶಾ ಓಡಿಹೋದ, ಕೊಳ್ಳುವವರಿಲ್ಲ. ಟೆಹರಾನಿನ ಬೀದಿಯಲ್ಲಿ ಆದದ್ದು ಕಳಸದ ಪಕ್ಕದ ಗುಡ್ಡಕ್ಕೆ ತಟ್ಟಿತು ನೋಡಿ. ಆಮೇಲೆ ಬೇರೆ ದೇಶಗಳಿಗೆ ಮಾರಿದರು. ಅರೆದ ಅದಿರನ್ನು ನೀರಿನ ಜೊತೆ ಬೆರೆಸಿ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿನ ಪಣಂಬೂರಿಗೆ ಕಳಿಸುತ್ತಿದ್ದರು. ಉಳಿದ ಕೆಸರಿಗೆ ಲಕ್ಯಾ ಹಳ್ಳಕ್ಕೆ ಅಡ್ಡಲಾಗಿ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು. ಅದನ್ನು ಈಗ ಹೋದವರು ಸುಂದರ ಸರೋವರ ಎಂದು ಫೋಟೋ ತೆಗೆಯುತ್ತಾರೆ. ಅದರ ತಳದಲ್ಲಿರುವುದು ಇಪ್ಪತ್ತೈದು ವರ್ಷದ ಅದಿರಿನ ಕೆಸರು.

ಹಾಗೆ ತಡೆದರೂ ಮಳೆಗಾಲದಲ್ಲಿ ಅಗೆದ ಗುಡ್ಡದಿಂದ ಮಣ್ಣು ಕೊಚ್ಚಿ ಭದ್ರೆಗೆ ಬರುತ್ತಿತ್ತು. ಭದ್ರೆ ಹುಟ್ಟುವುದು ಅಲ್ಲೇ ಹತ್ತಿರ, ಗಂಗಾಮೂಲದಲ್ಲಿ. ತುಂಗೆ, ಭದ್ರೆ, ನೇತ್ರಾವತಿ ಮೂವರದೂ ಅದೇ ತವರು. ನೇತ್ರಾವತಿ ಪಶ್ಚಿಮಕ್ಕೆ ಇಳಿದು ಮಂಗಳೂರಿನಲ್ಲಿ ಅರಬ್ಬೀ ಸಮುದ್ರ ಸೇರುತ್ತಾಳೆ. ತುಂಗೆ, ಭದ್ರೆ ಕೂಡಲಿಯಲ್ಲಿ ಒಂದಾಗಿ, ಹಂಪಿ ದಾಟಿ, ಕೃಷ್ಣೆಯೊಡನೆ ಬಂದು ಬೀಳುವುದು ನಮ್ಮ ಬಂಗಾಳ ಕೊಲ್ಲಿಗೆ. ದೀಘಾದಲ್ಲಿ ಕಾಲು ತೋಯಿಸಿಕೊಳ್ಳುವಾಗ ಅದರಲ್ಲಿ ಒಂದು ಚಮಚದಷ್ಟಾದರೂ ಕಳಸದ ಮಳೆ ಇದ್ದೀತು ಎಂದುಕೊಳ್ಳುವುದು ಈಚೆಗೆ ನನಗೆ ಅಭ್ಯಾಸವಾಗಿದೆ.

ಗಣಿಯ ಗುತ್ತಿಗೆ ಮುಗಿಯುವ ಹೊತ್ತಿಗೆ, 1990ರ ದಶಕದ ಕೊನೆಯಲ್ಲಿ, ಇದನ್ನು ಮುಂದುವರಿಸಬಾರದು ಎಂಬ ಚಳವಳಿ ಜೋರಾಯಿತು. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ. ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಚಿಣ್ಣಪ್ಪನವರು 2024ರಲ್ಲಿ ತೀರಿಕೊಂಡರು. ಒಬ್ಬ ನಿವೃತ್ತ ಅರಣ್ಯಾಧಿಕಾರಿಯ ಹೆಸರಿನ ಅರ್ಜಿ ಒಂದು ಬೆಟ್ಟವನ್ನು ಉಳಿಸಿತು ಎಂದರೆ ನನಗೆ ಮೈ ಜುಮ್ಮೆನ್ನುತ್ತದೆ.

ಅದೇ 2005ರಲ್ಲಿ ನನ್ನ ಗೆಳತಿ ಪಿಯುಸಿ ಓದುತ್ತಿದ್ದಳು. ಅವಳ ಅಮ್ಮ ಕುಕ್ಕರ್, ದೇವರ ಫೋಟೋ, ಹೊಲಿಗೆ ಯಂತ್ರ ಕಟ್ಟಿಕೊಂಡು ಮಂಗಳೂರಿಗೆ ಇಳಿದರು. ಈ ಗಣಿ ಮುಚ್ಚಿದ್ದು ಸರಿಯೇ ತಪ್ಪೇ ಎಂದು ಟೌನ್‌ಶಿಪ್‌ನ ಖಾಲಿ ಬಸ್‌ಸ್ಟ್ಯಾಂಡಿನಲ್ಲಿ ಕೂತು ನಾನು ಕೇಳಿದೆ. ಅವಳು ತಕ್ಷಣ ಉತ್ತರಿಸಲಿಲ್ಲ.

"ಸರಿಯೇ ಕಣೆ. ಹೊಳೆ ನೋಡಿದ್ಯಲ್ಲ, ನಾನು ಚಿಕ್ಕವಳಿದ್ದಾಗ ಅದು ಇಟ್ಟಿಗೆ ಬಣ್ಣ. ಈಗ ತಳದ ಕಲ್ಲು ಕಾಣ್ತದೆ. ಆದ್ರೆ ಸರಿ ಅಂತ ಬೆಂಗಳೂರಿನವರು ಹೇಳಿದ್ರೆ ನನಗೆ ಸಿಟ್ಟು ಬರ್ತದೆ. ನಾನು ಹೇಳಬಹುದು, ನನ್ನಪ್ಪ ಹೇಳಬಹುದು."

ಅವರಪ್ಪ ಏನು ಹೇಳುತ್ತಾರೆ ಎಂದೆ. ಅಪ್ಪ ಈಗಲೂ ಮಂಗಳೂರಿನ ಮನೆಯ ತಾರಸಿಯಲ್ಲಿ ನಿಂತು ಮೋಡ ಘಟ್ಟದ ಕಡೆ ಹೋಯಿತೇ ಎಂದು ನೋಡುತ್ತಾರಂತೆ. ಅಷ್ಟೇ ಹೇಳಿದಳು. ಅಗೆದ ಗುಡ್ಡದ ಮೆಟ್ಟಿಲು ಮೆಟ್ಟಿಲಾದ ಗಾಯಕ್ಕೆ ಈಗ ಹುಲ್ಲು ಹಬ್ಬಿದೆ. ಆದರೂ ಅದು ಗುಡ್ಡದ ಆಕಾರವಲ್ಲ ಎಂದು ಮೈಲಿಯಾಚೆಯಿಂದಲೇ ತಿಳಿಯುತ್ತದೆ.

ಇನ್ನು ಹಾವಿನ ವಿಚಾರ. ಹಾವು ಎಂದ ಕೂಡಲೇ ಮುಂದಿನ ಸಾಲಿನ ಅಮ್ಮಂದಿರು ಕಾಲು ಮೇಲೆ ಎತ್ತಿಕೊಂಡರು, ನೋಡಿದೆ. ನನಗೆ ಕಾಳಿಂಗ ಕಾಣಲಿಲ್ಲ, ಸಮಾಧಾನವಾಗಿರಿ. ಆದರೆ ಇದನ್ನು ನಿಮಗೆ ಹೇಳಲೇಬೇಕು, ಏಕೆಂದರೆ ಇದು ಕೋಲ್ಕತ್ತಕ್ಕೂ ಕನ್ನಡಕ್ಕೂ ಸಂಬಂಧಿಸಿದ್ದು. 1836ರಲ್ಲಿ ಕ್ಯಾಂಟರ್ ಎಂಬ ಡೇನಿಶ್ ವೈದ್ಯ ಈ ದೊಡ್ಡ ಹೆಡೆ ಹಾವನ್ನು ಮೊದಲ ಸಲ ಶಾಸ್ತ್ರೀಯವಾಗಿ ವರ್ಣಿಸಿ ಹೆಸರಿಟ್ಟದ್ದು ಇಲ್ಲಿಯ ಸುಂದರಬನದ ಹಾವನ್ನು ನೋಡಿ. ಅದು ಅಚ್ಚಾದದ್ದು ನಮ್ಮ ಪಾರ್ಕ್ ಸ್ಟ್ರೀಟಿನ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ. ಬಂಗಾಳಿಗರು ಅದನ್ನು ಶಂಖಚೂಡ ಎನ್ನುತ್ತಾರೆ. ಸುಮಾರು 190 ವರ್ಷ ಭಾರತದಿಂದ ಫಿಲಿಪ್ಪೀನ್ಸ್‌ವರೆಗೆ ಇರುವುದೆಲ್ಲ ಒಂದೇ ಜಾತಿ ಎಂದುಕೊಂಡಿದ್ದರು. 2024ರಲ್ಲಿ ಗೌರಿಶಂಕರ್ ಮತ್ತು ಸಂಗಡಿಗರು ಅದು ನಾಲ್ಕು ಬೇರೆ ಬೇರೆ ಜಾತಿ ಎಂದು ತೋರಿಸಿದರು. ಪಶ್ಚಿಮ ಘಟ್ಟದ್ದಕ್ಕೆ ಇಟ್ಟ ಹೆಸರು ಒಫಿಯೊಫಾಗಸ್ ಕಾಳಿಂಗ. ಕನ್ನಡದ ಕಾಳಿಂಗವೇ! ಇಡೀ ಪ್ರಪಂಚದ ವಿಜ್ಞಾನಿಗಳು ಇನ್ನು ಮುಂದೆ ಆ ಹಾವನ್ನು ನಮ್ಮಜ್ಜಿ ಕರೆಯುತ್ತಿದ್ದ ಹೆಸರಿನಲ್ಲೇ ಕರೆಯಬೇಕು. ರಾಜ್ಯೋತ್ಸವಕ್ಕೆ ಇದಕ್ಕಿಂತ ಒಳ್ಳೆಯ ಸುದ್ದಿ ನನಗೆ ಗೊತ್ತಿಲ್ಲ.

ಕುದುರೆಮುಖದ ನೆರೆಯ ಆಗುಂಬೆಯಲ್ಲಿ ರೋಮುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಆರಂಭಿಸಿದರು, ಕಾಳಿಂಗಕ್ಕೆ ಪುಟ್ಟ ಟ್ರಾನ್ಸ್‌ಮಿಟರ್ ಅಳವಡಿಸಿ ಅದರ ಓಡಾಟ ಗುರುತಿಸಿದ್ದು ಅಲ್ಲಿ. ಗೂಡು ಕಟ್ಟುವ ಹಾವು ಅದೊಂದೇ. ಮಳೆಗಾಲಕ್ಕೆ ಮೊದಲು ಹೆಣ್ಣು ತನ್ನ ಮೈಯ ಸುರುಳಿಯಿಂದಲೇ ತರಗೆಲೆ ಎಳೆದು ರಾಶಿ ಹಾಕಿ, ನಡುವೆ ಮೊಟ್ಟೆಯಿಟ್ಟು, ಊಟವಿಲ್ಲದೆ ಕಾಯುತ್ತದೆ. ಅಷ್ಟು ಮಳೆ ಸುರಿದರೂ ಒಳಗೆ ನೀರಿಳಿಯುವುದಿಲ್ಲ. ಮರಿ ಹೊರಬರುವ ಸ್ವಲ್ಪ ಮೊದಲು ಬಿಟ್ಟು ಹೊರಟುಹೋಗುತ್ತದೆ. ಹಾವು ತಿನ್ನುವ ಹಾವು ಅದು, ಹಸಿದ ಹೊತ್ತಿನಲ್ಲಿ ಸ್ವಂತ ಮರಿಯ ಹತ್ತಿರ ಇರದಿರುವುದೇ ಒಳ್ಳೆಯದು ಎಂದು ಅದಕ್ಕೆ ಯಾರು ಹೇಳಿಕೊಟ್ಟರೋ. ಆ ಕಡೆಯ ಜನ ಕಾಳಿಂಗ ಅಡಿಗೆಮನೆಗೆ ಬಂದರೂ ಹೊಡೆಯುವುದಿಲ್ಲ. ದೂರ ನಿಂತು ಅರಣ್ಯ ಇಲಾಖೆಗೆ ಫೋನ್ ಮಾಡುತ್ತಾರೆ.

ಮಂಗಟ್ಟೆ ಹಕ್ಕಿಯದು ಇನ್ನೊಂದು ಬಗೆ. ಹೆಣ್ಣು ಮರದ ಪೊಟರೆಯೊಳಗೆ ಹೋಗಿ, ಬಾಗಿಲನ್ನು ತಾನೇ ಮೆತ್ತಿ ಮುಚ್ಚಿ, ಕೊಕ್ಕು ಹೊರಬರುವಷ್ಟು ಸೀಳು ಮಾತ್ರ ಬಿಡುತ್ತದೆ. ಒಳಗೆ ರೆಕ್ಕೆಯ ಗರಿಯೂ ಉದುರಿಸುತ್ತದೆ. ವಾರಗಟ್ಟಲೆ ಗಂಡು ಹಣ್ಣು ತಂದು ಒಂದೊಂದೇ ಕೊಡಬೇಕು. ಗಂಡು ಸತ್ತರೆ ಸಂಸಾರವೇ ಮುಗಿಯಿತು. ಇದನ್ನು ಹೇಳಿದ ಅಣ್ಣ, "ಅದಕ್ಕೇ ಅಕ್ಕಾ, ಅದನ್ನ ಹೊಡೆದ್ರೆ ಮೂರು ಜೀವ" ಎಂದರು. ಮೂರನೆಯ ದಿನ ಎರಡು ದೊಡ್ಡ ಮಂಗಟ್ಟೆಗಳು ಕಣಿವೆ ದಾಟಿದವು. ಕಾಣುವ ಮೊದಲೇ ರೆಕ್ಕೆಯ ಸದ್ದು ಕೇಳಿತು, ಹಳೆಯ ಸ್ಟೀಮ್ ಇಂಜಿನ್ ಏದುಸಿರು ಬಿಟ್ಟ ಹಾಗೆ. ಕೆಂಜಳಿಲು, ಕಡವೆಯ ಹೆಜ್ಜೆ, ದೂರದ ಹುಲ್ಲಿನಲ್ಲಿ ಕಾಟಿಗಳ ಹಿಂಡು, ಇವೂ ಸಿಕ್ಕವು. ಕರ್ವಾಲೊ ಓದಿದವಳಾದ್ದರಿಂದ ಪ್ರತಿ ಮರದಲ್ಲೂ ಹಾರುವ ಓತಿ ಹುಡುಕಿದೆ, ಅದು ದಯಪಾಲಿಸಲಿಲ್ಲ. ಹುಲಿ ನೋಡಿದ್ರಾ ಎಂದು ಎಲ್ಲರೂ ಕೇಳುತ್ತೀರಿ. ಇಲ್ಲ. ಸುಂದರಬನಕ್ಕೆ ಐದು ಸಲ ಹೋದವರಿಗೂ ಸಿಗದ್ದು ನನಗೆ ಅಷ್ಟು ಸುಲಭಕ್ಕೆ ಸಿಗುತ್ತದೆಯೇ?

ಕೊನೆಯ ರಾತ್ರಿಯದು ಹೇಳಬೇಕು. ನಾವು ಉಳಿದಿದ್ದ ಮನೆಯ ಒಡತಿ, ಅವರನ್ನು ಅತ್ತಿಗೆ ಎಂದೇ ಕರೆಯುತ್ತಿದ್ದೆವು, ಒಲೆಯ ಮುಂದೆ ಕೂತು ಕಡುಬು ಬೇಯಿಸುತ್ತಿದ್ದರು. ಅವರ ತವರು ಉದ್ಯಾನದ ಗಡಿಯೊಳಗೆ. ಹದಿನೈದಿಪ್ಪತ್ತು ಮನೆಯ ಊರು. ಸರಿಯಾದ ರಸ್ತೆಯಿಲ್ಲ, ಮಳೆಗಾಲದಲ್ಲಿ ಕಾಲುಸಂಕವೇ ಗತಿ. ಕಾಡಿನೊಳಗೆ ಇರುವವರು ಒಪ್ಪಿದರೆ ಪರಿಹಾರ ಕೊಟ್ಟು ಹೊರಗೆ ಕಳಿಸುವ ಸರ್ಕಾರದ ಯೋಜನೆ ಇದೆ. ಸ್ವಯಂಪ್ರೇರಿತ ಪುನರ್ವಸತಿ ಎಂದು ಹೆಸರು. ಹಲವರು ಸಂತೋಷದಿಂದಲೇ ಹೋಗಿದ್ದಾರೆ. ಮಲೆಕುಡಿಯರ ಮನೆಗಳಲ್ಲಿ ಹೋಗುವುದಿಲ್ಲ ಎಂದು ಹಟ ಹಿಡಿದವರೂ ಇದ್ದಾರೆ. ಇದು ಊರು ಒಡೆದ ವಿಷಯ.

"ಅಣ್ಣ ಸೈನ್ ಹಾಕ್ತೇನೆ ಅಂತಾನೆ," ಎಂದರು ಅತ್ತಿಗೆ. "ಅವನ ಮಕ್ಕಳಿಗೆ ಕಾಲೇಜು ಬೇಕು, ಹುಷಾರಿಲ್ಲದಿದ್ರೆ ಆಸ್ಪತ್ರೆ ಬೇಕು. ತಪ್ಪಲ್ಲ ಮಾರಾಯ್ತಿ. ನಾಗಬನ ಎಂತ ಮಾಡೋದು ಅಂತ ಅಮ್ಮ ಕೇಳ್ತಾರೆ. ಅದನ್ನ ಲಾರಿಯಲ್ಲಿ ಹಾಕಲಿಕ್ಕೆ ಆಗ್ತದಾ?"

ಅತ್ತಿಗೆಯೂ ಅವರಮ್ಮನೂ ಸೇರಿದ ಮಾತುಕತೆ ಎಲ್ಲಾದರೂ ನಡೆಯಿತೇ ಎಂದೆ. ಸಭೆಯಲ್ಲಿ ಗಂಡಸರಿದ್ದರು, ನಾವು ಚಹಾ ಮಾಡಿದೆವು ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಕಲ್ಕತ್ತಕ್ಕೆ ಹೋಗುವಾಗ ನಿಮ್ಮನ್ನ ಕೇಳಿದ್ರಾ?" ಎಂದರು.

ನಾನು ನನ್ನ ಕೆಲಸಕ್ಕೆ ಬಂದವಳು, ನನ್ನನ್ನು ಕೇಳಿದ್ದರು ಎಂದೆ. ನಿಮ್ಮಲ್ಲಿ ಅನೇಕರ ಉತ್ತರ ಬೇರೆ ಇರಬಹುದು. ಯಜಮಾನರ ಟ್ರಾನ್ಸ್‌ಫರ್ ಆರ್ಡರ್ ಬಂದು, ಹೌರಾ ಸ್ಟೇಶನ್ನಿನಲ್ಲಿ ಟ್ರಂಕಿನ ಮೇಲೆ ಕೂತಲ್ಲಿಂದ ಈ ಸಂಘ ಕಂಡುಹಿಡಿಯುವವರೆಗಿನ ಕತೆಗಳನ್ನು ನೀವೇ ನನಗೆ ಹೇಳಿದ್ದೀರಿ. ಲೇಕ್ ಮಾರ್ಕೆಟ್ಟಿನಲ್ಲಿ ಬಾಳೆಲೆ, ಕರಿಬೇವು ಸಿಕ್ಕ ದಿನ ಅತ್ತವರು ಇಲ್ಲಿ ಇದ್ದಾರೆ. ಹೆಸರು ಹೇಳುವುದಿಲ್ಲ. ಆದರೆ ನಮಗೆ ಹಿಂತಿರುಗಲು ಊರು ಅಲ್ಲೇ ಇರುತ್ತದೆ. ಅವರು ಬಿಟ್ಟ ಮೇಲೆ ಅದು ಕಾಡಾಗುತ್ತದೆ, ಆಗಬೇಕೆಂದೇ ಬಿಡುವುದು.

ನನ್ನ ಅಭಿಪ್ರಾಯ ಕೇಳಿದರೆ: ಹೋಗಬೇಕೆನ್ನುವವರಿಗೆ ಹಣ ಬೇಗ, ಪೂರ್ತಿ ಸಿಗಬೇಕು. ಇರುತ್ತೇವೆನ್ನುವವರನ್ನು ಸೌಕರ್ಯ ತಡೆದು ಬಳಲಿಸಬಾರದು. ಎರಡೂ ಕಡೆಯ ಸಭೆಯಲ್ಲಿ ಚಹಾ ಮಾಡುವವರೂ ಕೂರಬೇಕು. ಸುಂದರಬನದಲ್ಲಿ ಗಂಡ ಹುಲಿಗೆ ಸಿಕ್ಕು ಸತ್ತ ಹೆಂಗಸರ ವಿಷಯ ನಮಗೆ ಗೊತ್ತು. ಬನಬೀಬಿಗೆ ಹರಕೆ ಹೊತ್ತು ಜೇನಿಗೆ ಹೋದ ಗಂಡ ಬಾರದಿದ್ದರೆ, ಅನುಮತಿಯಿಲ್ಲದ ಕಡೆ ಹೋಗಿದ್ದ ಎಂದಾದರೆ ಪರಿಹಾರಕ್ಕೂ ಪರದಾಟ. ಹುಲಿ ಉಳಿಯಲಿ ಎಂದು ಸಾಲ್ಟ್‌ಲೇಕ್‌ನಲ್ಲಿ ಕೂತು ಹಾರೈಸುವ ನಮಗೆ ಅದರ ಬಿಲ್ಲು ಬರುವುದಿಲ್ಲ, ಅವರ ಮನೆಗೆ ಬರುತ್ತದೆ. ಆದ್ದರಿಂದ ಕಾಡು ಬೇಡ ಎಂದು ನಾನು ಹೇಳುತ್ತಿಲ್ಲ. ಭದ್ರೆಯ ತಳದ ಕಲ್ಲು ನೋಡಿ ಬಂದ ಮೇಲೆ ಹಾಗೆ ಹೇಳಲು ಆಗುವುದೂ ಇಲ್ಲ.

ಅತ್ತಿಗೆಯ ಅಣ್ಣ ಇನ್ನೂ ಸಹಿ ಹಾಕಿಲ್ಲವಂತೆ. ಹೋದ ವಾರ ವಾಟ್ಸಾಪ್‌ನಲ್ಲಿ ಬರೆದಿದ್ದರು, ಅಮ್ಮನನ್ನು ಈ ಸಲದ ಸಭೆಗೆ ಕರೆದುಕೊಂಡು ಹೋಗುತ್ತಾರಂತೆ.

ಇನ್ನು ಹೋಗಬೇಕೆನ್ನುವವರಿಗೆ ಎರಡು ಮಾತು. ಶಿಖರದ ಚಾರಣಕ್ಕೆ ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಬುಕ್ ಮಾಡಬೇಕು, ದಿನಕ್ಕೆ 300 ಜನಕ್ಕೆ ಮಾತ್ರ ಅವಕಾಶ. ಮಂಡಿನೋವಿನವರು ಅದಕ್ಕೆ ಹೋಗಬೇಡಿ, ಹೋಗಿ ಬರಲು ಇಡೀ ದಿನ ಬೇಕು. ಉದ್ಯಾನದ ರಸ್ತೆಯಲ್ಲೇ ಕಾರಿನಲ್ಲಿ ಹೋದರೂ ಸಾಕಷ್ಟು ಕಾಣುತ್ತದೆ, ಕದಂಬಿ ಜಲಪಾತ ರಸ್ತೆ ಪಕ್ಕದಲ್ಲೇ ಬೀಳುತ್ತದೆ, ಹನುಮನಗುಂಡಿಗೆ ಮೆಟ್ಟಿಲಿದೆ. ಚೆಕ್‌ಪೋಸ್ಟಿನಲ್ಲಿ ಒಳಬಂದ ಸಮಯ ಬರೆದುಕೊಡುತ್ತಾರೆ, ದಾರಿಯಲ್ಲಿ ಇಳಿದು ಬುತ್ತಿ ಬಿಚ್ಚುವ ಹಾಗಿಲ್ಲ. ಕೋತಿಗೆ ಬಾಳೆಹಣ್ಣು ಕೊಡುವ ಪುಣ್ಯವನ್ನು ದಯವಿಟ್ಟು ಅಲ್ಲಿ ಕಟ್ಟಿಕೊಳ್ಳಬೇಡಿ, ಹಾಗೆ ಕೊಟ್ಟೇ ಅವು ರಸ್ತೆಗೆ ಬರುವುದು. ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ, ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿಯ ಭಯ. ಸಾಂತ್ರಾಗಾಛಿಯಿಂದ ಮಂಗಳೂರಿಗೆ ವಾರಕ್ಕೊಮ್ಮೆ ವಿವೇಕ್ ಎಕ್ಸ್‌ಪ್ರೆಸ್ ಇದೆ, ಮಕ್ಕಳನ್ನು ಕರೆದೊಯ್ಯುವವರಿಗೆ ಅದೇ ಚೆಂದ.

ಪ್ರಶ್ನೆಗಳಿದ್ದರೆ ಕೇಳಿ. ಇಂಬಳದ ಗುರುತು ತೋರಿಸು ಎಂದು ಮಾತ್ರ ಹೇಳಬೇಡಿ, ಕಾಫಿ ಬಂತು.